ಹೊಗೆಸೊಪ್ಪಿನ ಸುಂಕವೂ ಬೀಡಿ ಕಟ್ಟುವ ಕೈಗಳೂ

ಶ್ರೋತೃಮಹಾಶಯರಲ್ಲಿ ಧೂಮಪಾನ ಮಾಡುವವರೂ ಇರಬಹುದು, ಮಾಡದವರೂ ಇರಬಹುದು. ಈ ಹೊತ್ತಿನ ವಿಷಯ ಇಬ್ಬರಿಗೂ ಸಂಬಂಧಪಟ್ಟದ್ದು. ಸೇದುವವರು ದಿನದಿನವೂ ಸರ್ಕಾರದ ಬೊಕ್ಕಸಕ್ಕೆ ಒಂದು ಕಾಣಿಕೆಯನ್ನು ಸಲ್ಲಿಸುತ್ತಿದ್ದಾರೆ. ಸೇದದವರು ಆ ಕಾಣಿಕೆಯಿಂದಾದ ರಸ್ತೆಯಲ್ಲಿ ನಡೆಯುತ್ತಾರೆ, ಶಾಲೆಯಲ್ಲಿ ಮಕ್ಕಳನ್ನು ಓದಿಸುತ್ತಾರೆ. ಹೊಗೆಸೊಪ್ಪು ಒಳ್ಳೆಯದೋ ಕೆಟ್ಟದ್ದೋ ಎಂಬ ನೀತಿಬೋಧೆಗೆ ನಾವು ಇಲ್ಲಿ ತೊಡಗುವುದಿಲ್ಲ. ಅದನ್ನು ವೈದ್ಯರು ಸಂಶಯಕ್ಕೆಡೆಯಿಲ್ಲದಂತೆ ತೀರ್ಮಾನಿಸಿಬಿಟ್ಟಿದ್ದಾರೆ. ನಾವು ವಿಚಾರಿಸಬೇಕೆಂದಿರುವುದು ಹಣದ ಸಂಗತಿ: ಹೊಗೆಸೊಪ್ಪಿನ ಮೇಲಣ ಸುಂಕವನ್ನು ನಿಜವಾಗಿ ಹೊರುವವರಾರು? ಅದು ಎಲ್ಲಿಗೆ ಹೋಗುತ್ತದೆ? ಹೋಗಬೇಕಾದದ್ದು ಎಲ್ಲಿಗೆ?

ಈ ಲೆಕ್ಕವನ್ನು ದೆಹಲಿಯ ಆಯವ್ಯಯ ಪತ್ರದಿಂದ ಆರಂಭಿಸುವುದು ವಾಡಿಕೆ. ನಾವು ಅದನ್ನು ದಕ್ಷಿಣ ಕನ್ನಡದ ಮನೆಯ ಜಗಲಿಯಿಂದ ಆರಂಭಿಸುತ್ತೇವೆ. ಮಂಗಳೂರಿನಿಂದ ಹೊರಟು ನೇತ್ರಾವತಿಯ ದಡದಲ್ಲಿರುವ ಬಂಟವಾಳವನ್ನು ದಾಟಿ, ಘಟ್ಟದ ತಪ್ಪಲಿನ ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡಬಿದಿರೆಗೆ ತಿರುಗಿದರೆ, ದಾರಿಯ ಎರಡು ಕಡೆಗಳಲ್ಲಿಯೂ ಗದ್ದೆ, ಅಡಕೆಯ ತೋಟ, ನಡುನಡುವೆ ಹೆಂಚಿನ ಮನೆಗಳು ಕಾಣುತ್ತವೆ. ಆ ಮನೆಗಳ ಜಗಲಿಯಲ್ಲಿ ಮಡಿಲಿನ ಮೇಲೆ ಮೊರವನ್ನಿಟ್ಟುಕೊಂಡು ಕುಳಿತ ಹೆಂಗಸರನ್ನು ಕಂಡವರು, ಅಕ್ಕಿ ಆರಿಸುತ್ತಿರುವರೆಂದು ಭಾವಿಸಿಯಾರು. ಅವರು ಬೀಡಿ ಕಟ್ಟುತ್ತಿರುತ್ತಾರೆ. ನೆನೆಸಿ ಹದಮಾಡಿದ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಪುಡಿಯನ್ನಿಟ್ಟು, ಸುರುಳಿ ಸುತ್ತಿ, ತುದಿಯನ್ನು ಮಡಚಿ ನೂಲು ಬಿಗಿಯುವುದು ಕೆಲವೇ ಕ್ಷಣಗಳ ಕೆಲಸ. ಅದನ್ನು ದಿನಕ್ಕೆ ಏಳೆಂಟುನೂರು ಸಲ ಮಾಡಬೇಕು. ಎಲೆ ಮಧ್ಯಪ್ರದೇಶ, ಒಡಿಶಾ ಮುಂತಾದ ದೂರದ ಕಾಡುಗಳಿಂದ ಬಂದದ್ದು; ಸೊಪ್ಪು ನಿಪ್ಪಾಣಿಯ ಕಡೆಯದು ಅಥವಾ ಗುಜರಾತಿನದು; ಕೈ ಮಾತ್ರ ಈ ಊರಿನದು. ಸಂಜೆಯಾಗುತ್ತಲೆ ಕಟ್ಟುಗಳನ್ನು ಊರಿನ ‘ಬ್ರಾಂಚಿ’ಗೆ ಒಯ್ದು ಎಣಿಸಿಕೊಟ್ಟು, ಮರುದಿನದ ಎಲೆ ಸೊಪ್ಪುಗಳನ್ನು ತೂಗಿಸಿಕೊಂಡು ಬರುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ನಿಷ್ಕರ್ಷೆಯಾಗಿರುತ್ತದೆ.

ಬೆಳ್ತಂಗಡಿಗೆ ಸಮೀಪದ ಇಂತಹ ಒಂದು ಜಗಲಿಯಲ್ಲಿ, ಬೀಡಿಯ ತೆರಿಗೆ ಏರಿದರೆ ನಿಮಗೇನಾಗುತ್ತದೆಂದು ನಾವು ಒಮ್ಮೆ ಕೇಳಿದೆವು. ಆ ತಾಯಿ ಕೈಗೆಲಸವನ್ನು ನಿಲ್ಲಿಸದೆ ಹೇಳಿದರು: “ತೆರಿಗೆಯ ವಿಷಯ ನಮಗೆಂತ ಗೊತ್ತುಂಟು ಮಾಸ್ಟ್ರೇ? ಬ್ರಾಂಚಲ್ಲಿ ಎಲೆ ಕಮ್ಮಿ ಕೊಟ್ರೆ ತೆರಿಗೆ ಜಾಸ್ತಿ ಆಯ್ತು ಅಂತ ಲೆಕ್ಕ.” ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಈ ಮಾತಿನಲ್ಲಿ ಅಡಗಿದೆ. ಅದನ್ನು ಬಿಡಿಸಿ ನೋಡುವುದಕ್ಕೆ ಮೊದಲು ಈ ಸುಂಕದ ಪೂರ್ವೋತ್ತರವನ್ನು ತುಸು ತಿಳಿದುಕೊಳ್ಳೋಣ.

ಈಗ ತಾನೇ ಹೇಳಿದ ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು ಗೊಮ್ಮಟನನ್ನು ನಿಲ್ಲಿಸಿದ್ದು ೧೬೦೪ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ ಹೊಗೆಸೊಪ್ಪನ್ನು ನಿಂದಿಸಿ ಒಂದು ಪುಸ್ತಕವನ್ನು ಬರೆದು, ಪೌಂಡು ತೂಕಕ್ಕೆ ೨ ಪೆನ್ನಿಯಿದ್ದ ಆಮದಿನ ಸುಂಕವನ್ನು ೬ ಷಿಲಿಂಗ್ ೧೦ ಪೆನ್ನಿಗೆ ಏರಿಸಿದನು. ಎಂದರೆ ನಲವತ್ತು ಪಾಲಿಗೂ ಹೆಚ್ಚು. ಕೆಲವೇ ವರ್ಷಗಳಲ್ಲಿ ಅದೇ ದೊರೆ ಆ ಸುಂಕವನ್ನು ಬಹುವಾಗಿ ಇಳಿಸಿದನು. ಅತಿಯಾದ ಸುಂಕದಿಂದ ಸರಕು ಕಳ್ಳದಾರಿ ಹಿಡಿಯುತ್ತದೆ, ಮಿತವಾದ ಸುಂಕದಿಂದ ಬೊಕ್ಕಸ ತುಂಬುತ್ತದೆ ಎಂಬುದು ಅವನಿಗೆ ತಿಳಿದುಬಂದಿತ್ತು. ಜನರು ಈ ಚಟವನ್ನು ಬಿಡಲಿ ಎಂಬ ಆಶೆ ಒಂದು ಕಡೆ, ಬಿಟ್ಟರೆ ಹುಟ್ಟುವಳಿ ತಪ್ಪೀತೆಂಬ ಅಂಜಿಕೆ ಇನ್ನೊಂದು ಕಡೆ: ಈ ಎರಡು ಮನಸ್ಸು ಅಂದಿನಿಂದ ಇಂದಿನವರೆಗೆ ಎಲ್ಲ ಸರ್ಕಾರಗಳಲ್ಲಿಯೂ ಉಂಟು.

ನಮ್ಮ ಕನ್ನಡ ಜಿಲ್ಲೆಗೂ ಇದರ ಅನುಭವ ಹಳೆಯದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಮಲಬಾರು ಕನ್ನಡ ಜಿಲ್ಲೆಗಳಲ್ಲಿ ಹೊಗೆಸೊಪ್ಪಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯವನ್ನಾಗಿ ಮಾಡಿಕೊಂಡಿತ್ತು. ಎಲೆಯಡಕೆಯೊಡನೆ ಹೊಗೆಸೊಪ್ಪನ್ನು ಮೆಲ್ಲುವುದು ಬಡವ ಬಲ್ಲಿದರೆನ್ನದೆ ಎಲ್ಲರಲ್ಲಿಯೂ ರೂಢಿಯಾಗಿದ್ದುದರಿಂದ, ಕಂಪೆನಿಯು ಕಟ್ಟಿದ ಬೆಲೆಯೇ ಒಂದು ತಲೆಗಂದಾಯದಂತಾಯಿತು. ೧೮೩೭ರಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಗೆಯ ದಂಡು ಬಂಟವಾಳದ ಮೇಲೆ ಹಾದು ಮಂಗಳೂರನ್ನು ಹಿಡಿದು ಕೆಲವು ದಿನ ಇಟ್ಟುಕೊಂಡಿತಷ್ಟೆ. ಆ ದಂಗೆಗೆ ಕಾರಣಗಳು ಹಲವು. ಭೂಕಂದಾಯದ ಹೊರೆಯೊಡನೆ ಉಪ್ಪು ಹೊಗೆಸೊಪ್ಪುಗಳ ಮೇಲಣ ಅಸಮಾಧಾನವೂ ಅವುಗಳಲ್ಲೊಂದು. ೧೮೫೦ರ ದಶಕದ ಆರಂಭದಲ್ಲಿ ಆ ಏಕಸ್ವಾಮ್ಯವನ್ನು ತೆಗೆದುಹಾಕಲಾಯಿತು.

ಆಮೇಲೆ ಬಹುಕಾಲ ಸುಮ್ಮನಿದ್ದ ಸರ್ಕಾರ, ಎರಡನೆಯ ಮಹಾಯುದ್ಧದ ಖರ್ಚಿಗಾಗಿ ೧೯೪೩ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬೆಳೆದ ಹೊಗೆಸೊಪ್ಪಿನ ಮೇಲೆ ಉತ್ಪಾದನೆಯ ಸುಂಕವನ್ನು ವಿಧಿಸಿತು. ಯುದ್ಧ ಮುಗಿಯಿತು, ಸುಂಕ ಉಳಿಯಿತು. ೧೯೭೯ರಲ್ಲಿ ಅದು ಹಸಿ ಸೊಪ್ಪಿನಿಂದ ಸಿದ್ಧವಾದ ಸರಕಿಗೆ, ಎಂದರೆ ಸಿಗರೇಟು ಬೀಡಿಗಳಿಗೆ, ವರ್ಗವಾಯಿತು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಸಿಗರೇಟಿಗೂ ಬೀಡಿಗೂ ನೂರಕ್ಕೆ ೨೮ರ ದರ ನಿಗದಿಯಾಯಿತು. ಸಿಗರೇಟಿನ ಮೇಲೆ ಅದಲ್ಲದೆ ಉದ್ದಕ್ಕೆ ತಕ್ಕಂತೆ ಪರಿಹಾರ ಸುಂಕವೂ ಇತ್ತು. ಬೀಡಿಗೆ ಅದು ಇರಲಿಲ್ಲ.

ಈ ಪರಿಹಾರ ಸುಂಕದ ಕಥೆಯನ್ನು ಸಿಗರೇಟು ಸೇದುವವರು ಕೇಳತಕ್ಕದ್ದು. ಹೊಸ ತೆರಿಗೆಯ ಪದ್ಧತಿಯಿಂದ ರಾಜ್ಯ ಸರ್ಕಾರಗಳಿಗೆ ಆದ ನಷ್ಟವನ್ನು ತುಂಬಿಕೊಡುವುದೇ ಅದರ ಉದ್ದೇಶ. ಕೋವಿಡ್ ಜಾಡ್ಯದ ಎರಡು ವರ್ಷಗಳಲ್ಲಿ ಆ ಹಣ ಸಾಲದೆ ಹೋದದ್ದರಿಂದ ಕೇಂದ್ರವು ರಾಜ್ಯಗಳಿಗಾಗಿ ಸುಮಾರು ೨.೬೯ ಲಕ್ಷ ಕೋಟಿ ರೂಪಾಯಿ ಸಾಲ ಮಾಡಿತು. ಆ ಸಾಲ ತೀರುವವರೆಗೂ ಸುಂಕ ಮುಂದುವರಿಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಮೋಟಾರು ಕಾರು ಮೊದಲಾದವುಗಳಿಗೆ ಅದರಿಂದ ಬಿಡುಗಡೆಯಾದಾಗಲೂ ಹೊಗೆಸೊಪ್ಪಿಗೆ ಆಗಲಿಲ್ಲ. ಹೀಗೆ ಸಿಗರೇಟು ಸೇದುವವನು ತಾನರಿಯದೆಯೇ ರಾಜ್ಯಗಳ ಸಾಲದ ಜಾಮೀನುದಾರನಾಗಿದ್ದನು. ೨೦೨೨–೨೩ರಲ್ಲಿ ಹೊಗೆಸೊಪ್ಪಿನ ಸರಕುಗಳಿಂದ ಬಂದ ಎಲ್ಲ ಬಗೆಯ ತೆರಿಗೆ ೭೦,೦೦೦ ಕೋಟಿ ರೂಪಾಯಿಗಳನ್ನು ಮೀರಿತು.

ಇಷ್ಟು ದೊಡ್ಡ ಮೊತ್ತ ಇಷ್ಟು ಸುಲಭವಾಗಿ ಹೇಗೆ ಕೂಡುತ್ತದೆ? ಚಟದ ಸ್ವಭಾವವೇ ಇದಕ್ಕೆ ಕಾರಣ. ಮಾವಿನಹಣ್ಣಿನ ಬೆಲೆ ಏರಿದರೆ ನಾವು ಬಾಳೆಹಣ್ಣನ್ನು ಕೊಳ್ಳುತ್ತೇವೆ. ಬೀಡಿಯ ಬೆಲೆ ಏರಿದರೆ ಸೇದುವವನು ಮೊದಲು ಗೊಣಗುತ್ತಾನೆ, ಆಮೇಲೆ ಕೊಳ್ಳುತ್ತಾನೆ. ಕೆಲವರು ಮಾತ್ರ ಕಡಮೆ ಮಾಡುತ್ತಾರೆ, ಇನ್ನು ಕೆಲವರು ಬಿಡುತ್ತಾರೆ. ಬೆಲೆ ಏರಿದಷ್ಟು ಪ್ರಮಾಣದಲ್ಲಿ ಬೇಡಿಕೆ ಇಳಿಯದ ಇಂತಹ ಸರಕೇ ಹಣಕಾಸಿನ ಮಂತ್ರಿಗಳಿಗೆ ಪ್ರಿಯವಾದದ್ದು.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸೋಣ. ಒಂದು ಬೀಡಿ ಕಟ್ಟಿನ ಬೆಲೆ ೨೦ ರೂಪಾಯಿ, ಅದರಲ್ಲಿ ೫ ರೂಪಾಯಿ ತೆರಿಗೆ. ಒಂದು ಅಂಗಡಿಯಲ್ಲಿ ೧೦೦ ಕಟ್ಟು ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳಿ. ಸರ್ಕಾರಕ್ಕೆ ೫೦೦ ರೂಪಾಯಿ ಬಂತು. ಈಗ ತೆರಿಗೆಯನ್ನು ಇಮ್ಮಡಿಸಿ ೧೦ ರೂಪಾಯಿ ಮಾಡಿದರು. ಬೆಲೆ ೨೫ ಆಯಿತು. ಮಾರಾಟ ೮೦ ಕಟ್ಟಿಗೆ ಇಳಿಯಿತು. ಸರ್ಕಾರಕ್ಕೆ ಬಂದದ್ದು ೮೦೦. ಬೊಕ್ಕಸದ ಅಧಿಕಾರಿ ಈ ಲೆಕ್ಕವನ್ನು ಓದಿ, ಹುಟ್ಟುವಳಿ ೩೦೦ ರೂಪಾಯಿ ಏರಿತೆಂದು ಸಂತೋಷಪಡುತ್ತಾನೆ. ವೈದ್ಯನು ಅದನ್ನೇ ಓದಿ, ಹೊಗೆ ಐದರಲ್ಲಿ ಒಂದು ಪಾಲು ತಗ್ಗಿತೆಂದು ಸಂತೋಷಪಡುತ್ತಾನೆ. ಆದರೆ ಬೆಳ್ತಂಗಡಿಯ ಜಗಲಿಯಲ್ಲಿ ಕುಳಿತವಳ ಪಾಲಿಗೆ ಬಂದದ್ದೇನು? ನಿನ್ನೆ ೧೦೦ ಕಟ್ಟು ಬೇಕಾಗಿತ್ತು, ಇಂದು ೮೦ ಸಾಕು. ಐದು ದಿನದ ಕೂಲಿಯಲ್ಲಿ ಒಂದು ದಿನದ್ದು ಹೋಯಿತು. ಬ್ರಾಂಚಿನಲ್ಲಿ ಎಲೆ ಕಡಮೆ ಕೊಟ್ಟರೆ ತೆರಿಗೆ ಹೆಚ್ಚಿತೆಂದು ತಿಳಿಯುತ್ತದೆ ಎಂದ ಆ ತಾಯಿಯ ಮಾತಿನ ಅರ್ಥ ಇದೇ.

ಇನ್ನು ಸೇದುವವನ ಹೊರೆಯನ್ನು ನೋಡೋಣ. ತಿಂಗಳಿಗೆ ೧೦,೦೦೦ ರೂಪಾಯಿ ಸಂಪಾದಿಸುವ ಕೂಲಿಗಾರನೊಬ್ಬ, ೧,೦೦,೦೦೦ ಸಂಪಾದಿಸುವ ಗೃಹಸ್ಥನೊಬ್ಬ, ಇಬ್ಬರೂ ಹೊಗೆಗೆ ೬೦೦ ರೂಪಾಯಿ ವೆಚ್ಚಮಾಡಿದರೆ, ಮೊದಲನೆಯವನಿಗೆ ಅದು ಆದಾಯದಲ್ಲಿ ನೂರಕ್ಕೆ ೬, ಎರಡನೆಯವನಿಗೆ ನೂರಕ್ಕೆ ಒಂದೂ ಇಲ್ಲ. ಆದಾಯದ ತೆರಿಗೆಯು ಬಲ್ಲಿದನನ್ನು ಹುಡುಕಿಕೊಂಡು ಹೋಗುತ್ತದೆ. ಚಟದ ತೆರಿಗೆಯು ಬಡವನ ಮನೆಯ ಬಾಗಿಲಲ್ಲೇ ಕಾದಿರುತ್ತದೆ. ಆದುದರಿಂದ ಬಡವರು ಸೇದುವ ಬೀಡಿಗೆ ತೆರಿಗೆ ಹಗುರವಾಗಿರಬೇಕೆಂದು ವಾದಿಸುವವರುಂಟು. ವಾದದಲ್ಲಿ ದಯೆಯಿದೆ, ಆದರೆ ಲೆಕ್ಕ ಅರ್ಧದಲ್ಲಿಯೇ ನಿಂತಿದೆ. ಬೆಲೆ ಏರಿದಾಗ ಹೆಚ್ಚಾಗಿ ಬಿಡುವವನು ಬಡವನೇ. ಬಿಟ್ಟವನಿಗೆ ತೆರಿಗೆಯೂ ಇಲ್ಲ, ಆಸ್ಪತ್ರೆಯ ಸಾಲವೂ ತಪ್ಪುತ್ತದೆ. ಹಗುರವಾದ ತೆರಿಗೆಯಿಂದ ಅವನಿಗೆ ಸುಲಭವಾಗುವುದು ರೋಗವೇ.

ಹಗುರವೆಂದರೆ ಎಷ್ಟು? ನೂರು ರೂಪಾಯಿ ಸರಕಿನ ಮೇಲೆ ೨೮ ತೆರಿಗೆ ಸೇರಿದರೆ ಕೊಳ್ಳುವವನು ಕೊಡುವುದು ೧೨೮. ಆ ೧೨೮ರಲ್ಲಿ ತೆರಿಗೆಯ ಪಾಲು ನೂರಕ್ಕೆ ಸುಮಾರು ೨೨. ಸಿಗರೇಟಿನ ಬೆಲೆಯಲ್ಲಿ ಅದೇ ಕಾಲಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೆರಿಗೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಮಾರುವ ಬೆಲೆಯಲ್ಲಿ ನೂರಕ್ಕೆ ೭೫ರಷ್ಟಾದರೂ ತೆರಿಗೆಯಿರಬೇಕೆಂದು ಹೇಳುತ್ತದೆ. ೨೦೧೬–೧೭ರ ಅಖಿಲ ಭಾರತ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ೪ ಮಂದಿ ಸಿಗರೇಟು ಸೇದುವವರು, ೭.೭ ಮಂದಿ ಬೀಡಿ ಸೇದುವವರು. ಎಂದರೆ ಹೆಚ್ಚು ಜನ ಸೇದುವುದಕ್ಕೆ ಕಡಮೆ ತೆರಿಗೆ, ಕಡಮೆ ಜನ ಸೇದುವುದಕ್ಕೆ ಹೆಚ್ಚು ತೆರಿಗೆ. ೨೦೧೭ರ ಒಂದು ಗಣನೆಯಲ್ಲಿ, ಬೀಡಿಯಿಂದಾಗುವ ರೋಗಗಳ ಚಿಕಿತ್ಸೆ, ಕಳೆದುಹೋದ ದುಡಿಮೆ, ಅಕಾಲಮರಣ ಇವುಗಳ ನಷ್ಟವನ್ನು ವರ್ಷಕ್ಕೆ ಸುಮಾರು ೮೦,೫೦೦ ಕೋಟಿ ರೂಪಾಯಿಯೆಂದು ಕಟ್ಟಿದ್ದಾರೆ. ಅದಕ್ಕೆ ಹೋಲಿಸಿದರೆ ಆಗ ಬೀಡಿಯಿಂದ ಬರುತ್ತಿದ್ದ ಸುಂಕ, ನೂರು ರೂಪಾಯಿ ನಷ್ಟಕ್ಕೆ ಎಂಟಾಣೆಯಷ್ಟು.

ಹೀಗಿದ್ದರೂ ಬೀಡಿಯ ತೆರಿಗೆಯನ್ನು ಏರಿಸಹೊರಟಾಗಲೆಲ್ಲ ಒಂದೇ ಮಾತು ಅಡ್ಡ ಬರುತ್ತದೆ: “ಬೀಡಿ ಕಟ್ಟುವ ಹೆಂಗಸರ ಗತಿಯೇನು?” ೨೦೨೫ರ ಸೆಪ್ಟೆಂಬರಿನಲ್ಲಿ ತೆರಿಗೆಯ ಮಂಡಲಿಯು ಸಿಗರೇಟಿನ ದರವನ್ನು ನೂರಕ್ಕೆ ೪೦ಕ್ಕೆ ಏರಿಸಲು ನಿರ್ಣಯಿಸಿ, ಬೀಡಿಯ ದರವನ್ನು ೨೮ರಿಂದ ೧೮ಕ್ಕೂ, ಬೀಡಿ ಎಲೆಯ ದರವನ್ನು ೧೮ರಿಂದ ೫ಕ್ಕೂ ಇಳಿಸಿತು; ಹೊಗೆಸೊಪ್ಪಿನ ಸರಕುಗಳ ಹೊಸ ದರಗಳು ೨೦೨೬ರ ಫೆಬ್ರವರಿ ೧ರಿಂದ ಜಾರಿಗೆ ಬಂದವು. ಇದರಿಂದ ಬೀಡಿಯ ಬೆಲೆಯಲ್ಲಿ ತೆರಿಗೆಯ ಪಾಲು ನೂರಕ್ಕೆ ಸುಮಾರು ೧೫ಕ್ಕೆ ಇಳಿಯುತ್ತದೆ. ಹೆಂಗಸರ ಗತಿಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಹೆಂಗಸರ ಹೆಸರಿನಲ್ಲಿ ಉಳಿಸಿದ ಹಣ ಅವರನ್ನು ಮುಟ್ಟುತ್ತದೆಯೇ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. ಕೂಲಿ ನಿಗದಿಯಾಗುವುದು ಸಾವಿರ ಬೀಡಿಗೆ ಇಷ್ಟೆಂದು. ತೆರಿಗೆ ಇಳಿದ ಮಾತ್ರಕ್ಕೆ ಅದು ಏರಬೇಕೆಂಬ ನಿಯಮವಿಲ್ಲ. ಇಳಿದ ತೆರಿಗೆ ಬೆಲೆಯಲ್ಲಿ ಕರಗಿದರೆ ಸೇದುವವನಿಗೆ, ಕರಗದಿದ್ದರೆ ಮಾಲೀಕನಿಗೆ. ಮೊರದ ಮುಂದೆ ಕುಳಿತವಳಿಗೆ ದೊರೆಯುವುದು, ಕೆಲಸ ಕಡಮೆಯಾಗಲಿಲ್ಲವೆಂಬ ಸಮಾಧಾನ ಮಾತ್ರ.

ಈ ಹೆಂಗಸರಿಗೆ ಹಕ್ಕುಗಳು ತೆರಿಗೆಯ ಕೃಪೆಯಿಂದ ಬಂದವಲ್ಲ. ಕಾನೂನಿನ ಹೋರಾಟದಿಂದ ಬಂದವು. ಬೀಡಿ ಮತ್ತು ಚುಟ್ಟಾ ಕೆಲಸಗಾರರ ಕಾಯಿದೆ ೧೯೬೬ರಲ್ಲಿ ಆಯಿತು. ಕಾರ್ಖಾನೆಯಲ್ಲಿ ಕೂಡದೆ ಮನೆಯಲ್ಲಿ ಕೆಲಸ ಮಾಡುವವಳೂ ಕೆಲಸಗಾರಳೇ ಎಂಬುದು ಅದರ ಜೀವಾಳ. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಅರ್ಜಿದಾರರಾಗಿದ್ದರು. ೧೯೭೪ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ೧೯೮೫ರಲ್ಲಿ ಅದೇ ನ್ಯಾಯಸ್ಥಾನವು ಬೇರೊಂದು ಮೊಕದ್ದಮೆಯಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲತಕ್ಕದ್ದೆಂದು ತೀರ್ಪು ಕೊಟ್ಟಿತು. ಹೊಲಗದ್ದೆಯ ಕೂಲಿಯಲ್ಲಿ ಇಂತಹ ನಿಧಿಯಿಲ್ಲ. ಆದುದರಿಂದಲೇ ಈ ತಾಲ್ಲೂಕುಗಳಲ್ಲಿ ಕೂಲಿ ಸ್ವಲ್ಪವಾದರೂ ಬೀಡಿಯನ್ನು ಕೈಬಿಡದ ಸಂಸಾರಗಳು ಹಲವು. ಹೆಣ್ಣುಮಕ್ಕಳು ತಮ್ಮ ಕೈಯಿಂದ ಗಳಿಸಿ ತಮ್ಮ ಹೆಸರಿನಲ್ಲಿ ಕೂಡಿಟ್ಟ ಹಣ ಇದು.

ತೆರಿಗೆಯಿಂದಲೇ ಅವರಿಗೆ ನೇರವಾಗಿ ಪ್ರಯೋಜನವಾದ ಒಂದು ಏರ್ಪಾಡೂ ಇತ್ತು. ೧೯೭೬ರಲ್ಲಿ ಪಾರ್ಲಿಮೆಂಟು ಎರಡು ಕಾಯಿದೆಗಳನ್ನು ಮಾಡಿ, ಒಂದು ಸಣ್ಣ ಉಪಸುಂಕವನ್ನು ವಿಧಿಸಿ, ಅದನ್ನು ಬೀಡಿ ಕೆಲಸಗಾರರ ಕ್ಷೇಮನಿಧಿಗೆಂದೇ ಮೀಸಲಿಟ್ಟಿತು. ಔಷಧಾಲಯಗಳು, ಆಸ್ಪತ್ರೆಗಳು, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು, ಇವೆಲ್ಲ ಆ ನಿಧಿಯ ಕೆಲಸಗಳು. ಸೇದುವವನು ಕೊಟ್ಟ ಕಾಸು ಕಟ್ಟುವವಳ ಮಗುವಿನ ಪಾಠಪುಸ್ತಕವಾಗುತ್ತಿತ್ತು. ಏರ್ಪಾಡಿನಲ್ಲಿ ಕುಂದುಗಳಿದ್ದರೂ ದಾರಿ ನೇರವಾಗಿತ್ತು. ೨೦೧೭ರಲ್ಲಿ ಹೊಸ ತೆರಿಗೆ ಬಂದಾಗ, ಹಲವು ಸಣ್ಣ ಸುಂಕಗಳನ್ನು ಒಂದರಲ್ಲಿ ಸೇರಿಸುವ ಭರದಲ್ಲಿ ಈ ಉಪಸುಂಕವನ್ನೂ ತೆಗೆದುಬಿಟ್ಟರು. ಯೋಜನೆಗಳು ನಿಲ್ಲಲಿಲ್ಲ, ಅವುಗಳ ವೆಚ್ಚವನ್ನು ಸಾಮಾನ್ಯ ಆಯವ್ಯಯದಿಂದ ಕೊಡುವ ಕ್ರಮ ಬಂತು. ಆದರೆ ತನ್ನದೆಂಬ ಬಾವಿಯಿಂದ ನೀರು ಸೇದಿಕೊಳ್ಳುವುದಕ್ಕೂ ವರ್ಷವರ್ಷವೂ ನೆರೆಮನೆಯಲ್ಲಿ ಕೊಡ ಹಿಡಿದು ನಿಲ್ಲುವುದಕ್ಕೂ ಇರುವ ಭೇದವನ್ನು ಗೃಹಿಣಿಯರಿಗೆ ನಾವು ವಿವರಿಸಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಹೊಸ ತೆರಿಗೆಯಲ್ಲಿ ರಾಜ್ಯದ ಪಾಲು ಸರಕು ತಯಾರಾದ ಕಡೆಗೆ ಹೋಗುವುದಿಲ್ಲ, ಖರ್ಚಾದ ಕಡೆಗೆ ಹೋಗುತ್ತದೆ. ಮೂಡಬಿದಿರೆಯಲ್ಲಿ ಕಟ್ಟಿದ ಬೀಡಿಯನ್ನು ಹೊರರಾಜ್ಯದಲ್ಲಿ ಸೇದಿದರೆ ರಾಜ್ಯದ ಪಾಲು ಆ ರಾಜ್ಯಕ್ಕೆ. ತೆರಿಗೆ ಹೊಗೆಯ ಬೆನ್ನು ಹತ್ತುತ್ತದೆ. ಸೊಪ್ಪಿನ ಧೂಳು ಮಾತ್ರ ಊರಿನಲ್ಲಿ ಉಳಿಯುತ್ತದೆ. ದಿನವೆಲ್ಲ ಬಗ್ಗಿ ಕುಳಿತ ಬೆನ್ನುನೋವು, ಧೂಳಿನ ಕೆಮ್ಮು, ಇವುಗಳ ವೆಚ್ಚವನ್ನು ಹೊರುವುದು ಕಟ್ಟಿದವಳ ಮನೆಯೇ.

ಹಾಗಾದರೆ ಮಾಡತಕ್ಕದ್ದೇನು? ಬೀಡಿಯ ತೆರಿಗೆಯನ್ನು ಇಳಿಸಿ ಬಡವನಿಗೆ ಉಪಕಾರ ಮಾಡಿದೆವೆನ್ನುವುದು ಸರಿಯಲ್ಲ. ಏರಿಸಿ, ಬಂದ ಹಣವನ್ನು ಬೊಕ್ಕಸದ ಸಮುದ್ರದಲ್ಲಿ ಸುರಿದು, ಸುತ್ತುವ ಕೈಗಳನ್ನು ಮರೆಯುವುದೂ ಸರಿಯಲ್ಲ. ಮೇಲೆ ಹೇಳಿದ ಲೆಕ್ಕಕ್ಕೆ ಹಿಂದಿರುಗೋಣ. ತೆರಿಗೆ ಏರಿದಾಗ ಸರ್ಕಾರಕ್ಕೆ ಹೆಚ್ಚಾಗಿ ಬಂದ ೩೦೦ ರೂಪಾಯಿ ಆಕಾಶದಿಂದ ಬಿದ್ದದ್ದಲ್ಲ. ಸೇದುವವನ ಜೇಬಿನಿಂದ ಬಂದ ಆ ಹಣ ಕೂಡುವಾಗಲೇ ಅವಳ ಐದರಲ್ಲೊಂದು ದಿನದ ಕೆಲಸ ಕಳೆದಿದೆ. ಅದರಲ್ಲಿ ಒಂದು ಪಾಲು ಅವಳದೆಂದು ಕಾನೂನಿನಲ್ಲಿಯೇ ಬರೆದಿಟ್ಟರೆ, ಅವಳು ಹೊಲಿಗೆಯನ್ನೋ ಹೈನನ್ನೋ ಬೇರೊಂದು ಕಸಬನ್ನೋ ಹಿಡಿಯುವವರೆಗೆ ಕೈ ಹಿಡಿದರೆ, ಅವಳ ಮಗಳು ಓದಿ ಮೊರವನ್ನು ಕೆಳಗಿಡುವಂತಾದರೆ, ಆಗ ತೆರಿಗೆ ಏರಿಸುವುದನ್ನು ಅವಳ ಹೆಸರಿನಲ್ಲಿ ಯಾರೂ ತಡೆಯಲಾರರು. ೧೯೭೬ರ ಉಪಸುಂಕ ಇಂತಹ ಏರ್ಪಾಡು ಸಾಧ್ಯವೆಂಬುದನ್ನು ನಲವತ್ತು ವರ್ಷ ತೋರಿಸಿಕೊಟ್ಟಿದೆ. ಅದನ್ನು ಮತ್ತೆ ಕಟ್ಟುವುದಕ್ಕೆ ಹೊಸ ವಿದ್ಯೆಯೇನೂ ಬೇಕಾಗಿಲ್ಲ.

ಸೇದುವ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ತಾವು ನಾಳೆ ಬಿಟ್ಟುಬಿಟ್ಟರೆ ಸರ್ಕಾರದ ಹುಟ್ಟುವಳಿ ಕುಗ್ಗೀತೆಂಬ ಚಿಂತೆ ಬೇಡ. ೨೦೧೭–೧೮ರ ಗಣನೆಯಂತೆ ಹೊಗೆಸೊಪ್ಪಿನ ಉತ್ಪಾದನಾ ಸುಂಕದಿಂದ ಬಂದ ಪ್ರತಿ ನೂರು ರೂಪಾಯಿಗೆ ದೇಶವು ಕಳೆದುಕೊಂಡದ್ದು ೮೧೬ ರೂಪಾಯಿ. ಇಂತಹ ಆದಾಯ ಕೈತಪ್ಪಿದರೆ ದೇಶ ಬಡವಾಗುವುದಿಲ್ಲ. ತಾವು ಬಿಡುವವರೆಗೆ ಕೊಡುವ ಕಾಸಿನಲ್ಲಿ ಬೆಳ್ತಂಗಡಿಯ ಜಗಲಿಗೆ ಸಲ್ಲಬೇಕಾದ ಪಾಲು ಸಲ್ಲುತ್ತಿದೆಯೇ ಎಂದು ತಮ್ಮ ಪ್ರತಿನಿಧಿಗಳನ್ನು ಕೇಳುವ ಹಕ್ಕು ಮಾತ್ರ ತಮಗುಂಟು.